ಜ್ವರ ಬಂದ ಮನೆಯಲ್ಲಿ ಮೊದಲು ಕಾಯಬೇಕಾದ ನೀರು

ಓದುಗರ ಪ್ರಶ್ನೆ, ವೈದ್ಯೆಯ ಉತ್ತರ

ಈ ಸಲ ಬಂದಿರುವುದೆಲ್ಲ ಹೆಚ್ಚುಕಮ್ಮಿ ಜ್ವರ ಮತ್ತು ಹೊಟ್ಟೆಯ ಪತ್ರಗಳೇ. ಆಷಾಢದ ಮಳೆ ಹಿಡಿದಾಗಿನಿಂದ ಹಾಸನದ ನನ್ನ ಚಿಕಿತ್ಸಾಲಯದ ಬೆಂಚಿನ ಮೇಲೂ ಅದೇ ಮಾತು: 'ಮೈ ಕಾಯ್ತಿದೆ, ಬಾಯಿ ಕಹಿ, ಹೊಟ್ಟೆ ಸರಿಯಿಲ್ಲ.' ಮೂಡಿಗೆರೆ ಕಡೆಯ ಓದುಗರೊಬ್ಬರ ಪತ್ರಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ. ಅವರು ಕೇಳಿದ್ದು ಮಲೆನಾಡಿನ ಬಹಳಷ್ಟು ಅಡುಗೆಮನೆಗಳಲ್ಲಿ ನಡೆಯುವ ವಾದವೇ.

ಪ್ರಶ್ನೆ: ಡಾಕ್ಟರಮ್ಮ, ಹೋದ ತಿಂಗಳು ನಮ್ಮ ಯಜಮಾನರಿಗೆ ಜ್ವರ ಬಂತು. ನಾಲಿಗೆ ಬೆಳ್ಳಗೆ, ಹೊಟ್ಟೆ ಉಬ್ಬರ, ಅನ್ನ ಕಂಡರೆ ಆಗುತ್ತಿರಲಿಲ್ಲ. ನಮ್ಮ ಅತ್ತೆ ಕಾಳುಮೆಣಸು, ಲವಂಗ, ಶುಂಠಿ, ತುಳಸಿ ಹಾಕಿ ಗಟ್ಟಿ ಕಷಾಯ ಮಾಡಿ ದಿನಕ್ಕೆ ನಾಲ್ಕು ಸಲ ಕುಡಿಸಿದರು. 'ಜ್ವರದವನಿಗೆ ಊಟ ಹಾಕಬೇಡ' ಅಂದರು. ಐದನೇ ದಿನ ಎದೆಯುರಿ, ವಾಂತಿ ಶುರುವಾಯಿತು. ಪೇಟೆಗೆ ಕರೆದುಕೊಂಡು ಹೋದರೆ ರಕ್ತಪರೀಕ್ಷೆಯಲ್ಲಿ ಟೈಫಾಯ್ಡ್ ಅಂತ ಬಂತು. 'ಉಪವಾಸ ಯಾಕೆ ಹಾಕಿದಿರಿ, ಊಟ ಮಾಡಿಸಿ' ಎಂದು ಅಲ್ಲಿನ ಡಾಕ್ಟರು ಬೈದರು. ಈಗ ಅವರು ಹುಷಾರಾಗಿದ್ದಾರೆ. ಅತ್ತೆ ಮಾತ್ರ 'ನನ್ನ ಕಷಾಯದಿಂದಲೇ ಹೀಗಾಯ್ತೇನೋ' ಎಂದು ಕೊರಗುತ್ತಾರೆ. ಮುಂದಿನ ಸಲ ಯಾರ ಮಾತು ಕೇಳಲಿ?

ಉತ್ತರ: ಮೊದಲು ನಿಮ್ಮ ಅತ್ತೆಯವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಇದನ್ನು ಓದಿ ಹೇಳಿ. ಟೈಫಾಯ್ಡ್ ಕಷಾಯದಿಂದ ಬರುವ ಕಾಯಿಲೆಯಲ್ಲ. ಕೊಳಕು ಸೇರಿದ ನೀರು, ಆಹಾರದ ಮೂಲಕ ಹೊಟ್ಟೆಗಿಳಿಯುವ ರೋಗಾಣುವಿನಿಂದ ಬರುವುದು. ಮಳೆಗಾಲದಲ್ಲಿ ಬಾವಿಗೆ, ಪೈಪಿಗೆ ಹೊರಗಿನ ನೀರು ಸೇರುವುದರಿಂದ ಇದು ಹೆಚ್ಚು. ಅಮ್ಮ, ನಿಮ್ಮ ಮಗನಿಗೆ ಕಾಯಿಲೆ ತಂದದ್ದು ನಿಮ್ಮ ಕಷಾಯವಲ್ಲ. ನೀವು ಹಿಡಿದ ದಾರಿಯೂ ಅರ್ಧ ಸರಿಯಾಗಿಯೇ ಇತ್ತು. ತಪ್ಪಿದ್ದು ಎರಡು ಕಡೆ: ಕಷಾಯದ ಖಾರ, ಮತ್ತು ಐದು ದಿನ ಕಾದದ್ದು.

ಜ್ವರದಲ್ಲಿ ಊಟ ಯಾಕೆ ಸೇರುವುದಿಲ್ಲ? ದೋಷಗಳು ಜಠರದ ಅಗ್ನಿಯನ್ನು ಅದರ ಜಾಗದಿಂದ ಕದಲಿಸಿ ಮೈಯೆಲ್ಲ ಹರಡುತ್ತವೆ ಎನ್ನುತ್ತದೆ ಆಯುರ್ವೇದ. ಒಲೆಯೊಳಗಿನ ಕೆಂಡವನ್ನೆಲ್ಲ ಯಾರೋ ಅಂಗಳಕ್ಕೆ ಎಳೆದು ಹಾಕಿದ ಹಾಗೆ. ಅಂಗಳ ಸುಡುತ್ತದೆ, ಒಲೆ ತಣ್ಣಗಿರುತ್ತದೆ. ತಣ್ಣಗಿನ ಒಲೆಯ ಮೇಲೆ ಸೇರು ಅಕ್ಕಿಯ ಪಾತ್ರೆ ಇಟ್ಟರೆ ಬೇಯುವುದುಂಟೇ? ಹಾಗೆ ಬೇಯದೆ ಉಳಿದದ್ದನ್ನೇ ನಾವು 'ಆಮ' ಎನ್ನುವುದು. ನಾಲಿಗೆಯ ಬಿಳಿ ಲೇಪ, ಬಾಯಿಯ ಜಿಗುಟು, ಹೊಟ್ಟೆಯ ಭಾರ, ಇವೆಲ್ಲ ಅದರ ಗುರುತು. ಅದಕ್ಕೇ ಹೊಸ ಜ್ವರದಲ್ಲಿ ಮೊದಲ ಚಿಕಿತ್ಸೆ ಲಂಘನ. ಈ ಮಾತನ್ನು ಜನ 'ಉಪವಾಸ' ಎಂದಷ್ಟೇ ತಿಳಿದುಬಿಟ್ಟಿದ್ದಾರೆ. ಲಂಘನವೆಂದರೆ ಹಗುರ ಮಾಡುವುದು. ನೀರನ್ನೂ ಮುಟ್ಟದೆ ಮಲಗಿಸುವುದಲ್ಲ. ಚಿಕ್ಕ ಮಕ್ಕಳು, ಬಸುರಿಯರು, ಮುದುಕರು, ಮೊದಲೇ ಸೊರಗಿದವರು, ಇವರಿಗೆ ಲಂಘನವನ್ನು ಶಾಸ್ತ್ರವೇ ಬೇಡವೆನ್ನುತ್ತದೆ. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರಂತೂ ಊಟ ಬಿಟ್ಟರೆ ಸಕ್ಕರೆ ಇಳಿದು ಬಿದ್ದುಬಿಡುತ್ತಾರೆ.

ಇನ್ನು ಕಷಾಯ. ಚರಕಸಂಹಿತೆಯ ಚಿಕಿತ್ಸಾಸ್ಥಾನದ 3ನೇ ಅಧ್ಯಾಯ ಪೂರ್ತಿ ಜ್ವರದ್ದು. ಅಲ್ಲಿ ಕಷಾಯದ ಸರದಿ ಬರುವುದು ಆರು ದಿನ ಕಳೆದ ಮೇಲೆ, ಅದೂ ರೋಗಿ ಹಗುರವಾದ ಆಹಾರ ತೆಗೆದುಕೊಂಡ ಮೇಲೆ. ಮೊದಲ ದಿನಗಳಿಗೆ ಹೇಳಿರುವುದು ಬರೀ ನೀರು, ಔಷಧಿ ಹಾಕಿ ಕುದಿಸಿ ಆರಿಸಿದ ತೆಳ್ಳನೆಯ ನೀರು. ಅದರ ಹೆಸರು ಷಡಂಗ ಪಾನೀಯ. ಇದನ್ನು ಹೇಳಿಕೊಡುವ ಆಸೆಗಾಗಿಯೇ ನಿಮ್ಮ ಪತ್ರವನ್ನು ಮೊದಲಿಗಿಟ್ಟಿದ್ದೇನೆ.

ಆರು ಸಾಮಾನು: ಭದ್ರಮುಷ್ಟಿ, ಪರ್ಪಾಟಕ, ಲಾವಂಚ, ರಕ್ತಚಂದನ, ಹ್ರೀಬೇರ, ಒಣಶುಂಠಿ. ಗ್ರಂಧಿಗೆ ಅಂಗಡಿಯಲ್ಲಿ 'ಷಡಂಗದ ಪುಡಿ ಕೊಡಿ' ಎಂದರೆ ಗೊತ್ತಾಗುತ್ತದೆ. ನುಣ್ಣಗಿನ ಪುಡಿ ಬೇಡ, ತರಿ ತರಿಯಾಗಿ ಕುಟ್ಟಿದ್ದು ಕೇಳಿ, ಅಲ್ಲೇ 10 ಗ್ರಾಂನ ಪೊಟ್ಟಣ ಕಟ್ಟಿಸಿಕೊಳ್ಳಿ. ಔಷಧಿಯ 64 ಪಟ್ಟು ನೀರು, ಕುದಿದು ಅರ್ಧಕ್ಕಿಳಿಯಬೇಕು. ಅಂದರೆ 10 ಗ್ರಾಂಗೆ 640 ಮಿಲಿ ಇಟ್ಟು 320 ಮಿಲಿಗೆ ಇಳಿಸುವುದು. ಮುಚ್ಚಳ ಹಾಕದೆ ಸಣ್ಣ ಉರಿಯಲ್ಲಿ ಕುದಿಸಿ, ಬಟ್ಟೆಯಲ್ಲಿ ಸೋಸಿ, ಆರಿದ ಮೇಲೆ ಬಾಯಾರಿದಾಗಲೆಲ್ಲ ನಾಲ್ಕಾರು ಗುಟುಕು ಕೊಡಿ. ಅದರ ಬಣ್ಣ ತೆಳು ಚಹಾದಷ್ಟು ಬಂದರೆ ಹದ ಸರಿ. ಕಪ್ಪಾಗಿ, ಬಾಯಿಗಿಟ್ಟರೆ ಒಗರು ಹಿಡಿಯುವಷ್ಟಾದರೆ ಕಷಾಯವಾಯಿತೆಂದು ಅರ್ಥ. ಒಮ್ಮೆ ಮಾಡಿದ್ದು ಆ ದಿನಕ್ಕೆ ಮಾತ್ರ. ಉಳಿದದ್ದನ್ನು ಮರುದಿನ ಬಿಸಿ ಮಾಡಿ ಕೊಡಬಾರದು.

ಈ ಆರರಲ್ಲಿ ಬಿಸಿ ಇರುವುದು ಶುಂಠಿಯೊಂದೇ ಎಂಬುದನ್ನು ನಿಮ್ಮ ಅತ್ತೆಯವರಿಗೆ ಎತ್ತಿ ಹೇಳಿ. ಉಳಿದವು ತಂಪು. ಲಾವಂಚ, ಚಂದನಗಳು ದಾಹವನ್ನೂ ಉರಿಯನ್ನೂ ಇಳಿಸುತ್ತವೆ, ಭದ್ರಮುಷ್ಟಿ ಆಮವನ್ನು ಪಚನ ಮಾಡುತ್ತದೆ, ಶುಂಠಿ ಹೊಟ್ಟೆಯ ಕಿಡಿ ಆರದಂತೆ ಕಾಯುತ್ತದೆ. ಮೆಣಸು, ಲವಂಗ, ಶುಂಠಿ ಮೂರನ್ನೂ ಸೇರಿಸಿ ಗಟ್ಟಿಯಾಗಿ ಇಳಿಸಿದ್ದು ನೆಗಡಿ, ಚಳಿ, ಕಫವಿರುವ ಮೈಗೆ ಒಂದೆರಡು ಸಲ ಹಿತ. ಟೈಫಾಯ್ಡಿನಲ್ಲಿ ಸಣ್ಣ ಕರುಳಿನ ಒಳಗೋಡೆಯೇ ಹುಣ್ಣಾಗುವುದುಂಟು. ಅಂಥ ಹೊಟ್ಟೆಗೆ ದಿನಕ್ಕೆ ನಾಲ್ಕು ಸಲ ಆ ಖಾರ ಹೋದರೆ ಎದೆಯುರಿ, ವಾಂತಿ ಬಾರದೆ ಇರುತ್ತದೆಯೇ?

ಊಟ ಮಾಡಿಸಿ ಎಂದ ಡಾಕ್ಟರ ಮಾತೂ ಸರಿ. ಟೈಫಾಯ್ಡ್ ದೀರ್ಘದ ಕಾಯಿಲೆ, ಮೈ ಇಳಿದುಹೋಗುತ್ತದೆ. ಆದರೆ 'ಊಟ' ಎಂದರೆ ಮುದ್ದೆ, ಹುರುಳಿ ಬಸ್ಸಾರು ಅಂತ ಅವರೂ ಹೇಳಿರಲಾರರು. ಗಂಜಿ ಎಂಬ ಸೇತುವೆ ಇರುವುದೇ ಇಲ್ಲಿ. ಹಳೆಯ ಅಕ್ಕಿ, ಅದರಲ್ಲೂ ಕೆಂಪಕ್ಕಿ, ಜ್ವರದವರಿಗೆ ಒಳ್ಳೆಯದೆಂದು ಚರಕ ಹೇಳುತ್ತಾನೆ. ನಮ್ಮ ಹೊಳೆನರಸೀಪುರದ ಕಡೆಯ ರಾಜಮುಡಿ ಸಿಕ್ಕರೆ ಇನ್ನೇನು ಬೇಕು! ಒಂದು ಪಾಲು ಅಕ್ಕಿ ನುಚ್ಚಿಗೆ 14 ಪಾಲು ನೀರಿಟ್ಟು ಬೇಯಿಸಿ, ಅಗುಳು ಬಿಟ್ಟು ಮೇಲಿನ ತಿಳಿಯನ್ನಷ್ಟೇ ಬಸಿದರೆ ಅದು ಮಂಡ. ಮೊದಲ ದಿನ ಅದಕ್ಕೆ ಚಿಟಿಕೆ ಶುಂಠಿ ಪುಡಿ, ಸೈಂಧವ ಉಪ್ಪು ಹಾಕಿ ಕೊಡಿ. ಅದು ಸೇರಿ ಹಸಿವು ಕೆರಳಿದರೆ ಮಾರನೇ ದಿನ ಅಗುಳು ಸೇರಿದ ತೆಳು ಗಂಜಿ, ಆಮೇಲೆ ಗಟ್ಟಿ ಗಂಜಿ, ಹೆಸರುಬೇಳೆಯ ತಿಳಿಸಾರು, ಕೊನೆಗೆ ಮೆತ್ತನೆಯ ಅನ್ನ. ಬೇಲೂರು ಕಡೆಯ ನಮ್ಮೂರಲ್ಲಿ ನನ್ನ ಅಜ್ಜಿ ಜ್ವರದವರ ಮುಂದೆ ಗಂಜಿ ಬಟ್ಟಲು ಇಟ್ಟು ಮುಖವನ್ನೇ ನೋಡುತ್ತಾ ಕೂರುತ್ತಿದ್ದಳು. ತಾನಾಗಿ ಕೈಚಾಚಿ ಬಟ್ಟಲು ಎಳೆದುಕೊಂಡರೆ 'ಅಗ್ನಿ ಬಂತು' ಎನ್ನುತ್ತಿದ್ದಳು. ತಳ್ಳಿದರೆ ಒತ್ತಾಯ ಮಾಡದೆ ಬಟ್ಟಲು ಎತ್ತಿಕೊಂಡು ಹೋಗಿ, ಎರಡು ಗಂಟೆ ಬಿಟ್ಟು ಮತ್ತೆ ಬಿಸಿ ಗಂಜಿ ತರುತ್ತಿದ್ದಳು. ಇವತ್ತಿಗೂ ನಾನು ರೋಗಿಯ ಮನೆಯವರಿಗೆ ಆ ಕೈಯನ್ನೇ ನೋಡಿ ಎನ್ನುತ್ತೇನೆ.

ಈಗ ಐದು ದಿನ ಕಾದು ಕೂತ ವಿಷಯ. ಶಾಸ್ತ್ರ ಆರು ದಿನ ಎಂದಿದೆಯಲ್ಲ ಎಂದು ಯಾರೂ ಮನೆಯಲ್ಲಿ ಆರು ದಿನ ಎಣಿಸುತ್ತಾ ಕೂರಬೇಡಿ. ಅದು ಕಷಾಯ ಕೊಡುವುದಕ್ಕೆ ಹೇಳಿದ ಲೆಕ್ಕ, ವೈದ್ಯರ ಬಳಿ ಹೋಗುವುದಕ್ಕಲ್ಲ. ವೃತ್ತಿ ಶುರು ಮಾಡಿದ ಹೊಸದರಲ್ಲಿ ಗದ್ದೆ ಕೆಲಸದವರೊಬ್ಬರು ನನ್ನಲ್ಲಿಗೆ ಬಂದಿದ್ದರು. ಜ್ವರ, ಹೊಟ್ಟೆ ತೊಳಸು, ಮೀನಖಂಡದಲ್ಲಿ ಮುಟ್ಟಲಾಗದ ನೋವು. ಬಗ್ಗಿ ನಡೆದ ಆಯಾಸದ ನೋವಿರಬೇಕು ಎಂದು ಮೊದಲ ದಿನ ನಾನೂ ಅಂದುಕೊಂಡೆ. ಮರುದಿನ ಬಂದಾಗ ಕಣ್ಣು ಕೆಂಪಗಾಗಿತ್ತು, ಮೂತ್ರ ಕಡಿಮೆಯಾಗಿತ್ತು. ಕೂಡಲೇ ಜಿಲ್ಲಾ ಆಸ್ಪತ್ರೆಗೆ ಕಳಿಸಿದೆ. ಇಲಿ ಜ್ವರ. ಆಂಟಿಬಯೋಟಿಕ್ ಬಿದ್ದಿದ್ದಕ್ಕೆ ಉಳಿದರು. ಆ ಒಂದು ದಿನ ನನ್ನ ಮನಸ್ಸಿನಿಂದ ಹೋಗಿಲ್ಲ. ಅಂದಿನಿಂದ ಕೆಸರಿಗಿಳಿಯುವವರು ಜ್ವರ ಎಂದು ಬಂದರೆ ನಾನು ಮೊದಲು ಮೀನಖಂಡ ಒತ್ತಿ ನೋಡುತ್ತೇನೆ.

ಜ್ವರ ಮೂರನೇ ದಿನಕ್ಕೂ ಇಳಿಯದಿದ್ದರೆ ರಕ್ತಪರೀಕ್ಷೆ ಮಾಡಿಸಿ. ಟೈಫಾಯ್ಡಿಗೆ ಜನ ಕೇಳುವ ವೀಡಾಲ್ ಪರೀಕ್ಷೆ ಮೊದಲ ವಾರದಲ್ಲಿ ನಂಬುವಂತಿರುವುದಿಲ್ಲ, ಆಗ ರಕ್ತದ ಕಲ್ಚರ್ ಮಾಡಿಸುವುದು ಮೇಲು. ನಿಲ್ಲದ ವಾಂತಿ, ಜೋರು ಹೊಟ್ಟೆನೋವು, ಒಸಡಿನಲ್ಲಿ ಅಥವಾ ಮಲದಲ್ಲಿ ರಕ್ತ, ಮಂಪರು, ಆರೆಂಟು ಗಂಟೆಯಿಂದ ಮೂತ್ರವಿಲ್ಲ, ಇಂಥದ್ದು ಯಾವುದು ಕಂಡರೂ ಅದೇ ಗಳಿಗೆ ಹೊರಡಿ. ಡೆಂಗಿ ಇರುವ ಕಾಲವಾದ್ದರಿಂದ ಮೈಕೈ ನೋವಿಗೆಂದು ಆಸ್ಪಿರಿನ್, ಐಬುಪ್ರೊಫೇನ್ ನುಂಗಬೇಡಿ, ರಕ್ತಸ್ರಾವಕ್ಕೆ ದಾರಿಯಾಗುತ್ತದೆ. ನಿಮ್ಮದು ಕಾಡಂಚಿನ ತಾಲ್ಲೂಕು, ಡಿಸೆಂಬರಿನಿಂದ ಮೇ ತನಕ ಸೌದೆ, ಸೊಪ್ಪಿಗೆ ಕಾಡಿಗೆ ಹೋಗಿ ಬಂದವರಿಗೆ ಜ್ವರ ಬಂದರೆ ಉಣುಗು ಕಚ್ಚಿತ್ತೇ ಎಂದು ಕೇಳಿ, ಡಾಕ್ಟರಿಗೂ ಹೇಳಿ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಾದ ಮಂಗನ ಕಾಯಿಲೆ ನಿಮ್ಮ ಜಿಲ್ಲೆಯನ್ನೂ ಬಿಟ್ಟಿಲ್ಲ.

ಡಾಕ್ಟರು ಬರೆದ ಮಾತ್ರೆಯ ಜೊತೆಗೆ ಷಡಂಗದ ನೀರು, ಗಂಜಿ ಕೊಡಬಹುದು. ಮಾತ್ರೆಗೂ ನೀರಿಗೂ ಒಂದು ಗಂಟೆ ಅಂತರವಿಡಿ. ಜ್ವರ ಇಳಿಯಿತೆಂದು ಟೈಫಾಯ್ಡಿನ ಆಂಟಿಬಯೋಟಿಕ್ಕನ್ನು ಅರ್ಧಕ್ಕೆ ಬಿಡಬೇಡಿ. ಇನ್ನು ಯಾರ ಮಾತು ಕೇಳಲಿ ಎಂದಿರಿ: ರೋಗ ಯಾವುದೆಂದು ಡಾಕ್ಟರು ಹೇಳಲಿ, ಒಲೆಯ ಮುಂದೆ ನಿಮ್ಮ ಅತ್ತೆಯೇ ಇರಲಿ.

ಪ್ರಶ್ನೆ: ನಾನು ಆಲೂರು ತಾಲ್ಲೂಕಿನ ಶುಂಠಿ ಬೆಳೆಗಾರ. ಹೊಲದ ತುಂಬ ಜೇಕು. ಅದರ ಗೆಡ್ಡೆಯೇ ಭದ್ರಮುಷ್ಟಿ, ಭೇದಿಗೆ ಜ್ವರಕ್ಕೆ ಒಳ್ಳೆಯ ಔಷಧಿ ಎಂದು ಯಾರೋ ಹೇಳಿದರು. ನಿಜವೇ? ಹಾಗಿದ್ದರೆ ನಾನೇ ಕಿತ್ತು ಮನೆಗೆ ಇಟ್ಟುಕೊಳ್ಳಬಹುದೇ? ಶುಂಠಿಯನ್ನೂ ನಾನೇ ಒಣಗಿಸಿಕೊಳ್ಳಲೇ?

ಉತ್ತರ: ನಿಜ. ನೀವು ಕಿತ್ತು ಕಿತ್ತು ಸೋತ ಜೇಕಿನ ಗೆಡ್ಡೆಯೇ ಕೊನ್ನಾರಿ ಗೆಡ್ಡೆ, ಅದೇ ಭದ್ರಮುಷ್ಟಿ, ಸಂಸ್ಕೃತದಲ್ಲಿ ಮುಸ್ತಾ. ಭೇದಿಯನ್ನು ಕಟ್ಟುವ, ಹಸಿವೆ ಹೆಚ್ಚಿಸುವ, ಪಚನ ಮಾಡುವ ದ್ರವ್ಯಗಳಲ್ಲಿ ಇದೇ ಶ್ರೇಷ್ಠ ಎಂದು ಚರಕಸಂಹಿತೆಯಲ್ಲಿದೆ. ಕಟ್ಟುವುದೂ ಕರಗಿಸುವುದೂ ಒಂದೇ ಗೆಡ್ಡೆಯಲ್ಲಿ ಸಿಗುವುದು ಅಪರೂಪ.

ಆದರೆ ನಿಮ್ಮ ಶುಂಠಿ ಹೊಲದ್ದು ಖಂಡಿತ ಬೇಡ. ಜೇಕಿಗೆ ಕಳೆನಾಶಕ ಹೊಡೆಯುತ್ತೀರಿ. ಎಲೆಯ ಮೇಲೆ ಬಿದ್ದ ಗ್ಲೈಫೋಸೇಟ್ ಗೆಡ್ಡೆಯ ತನಕ ಇಳಿಯುತ್ತದೆ, ಇಳಿದರೇ ಅದು ಸಾಯುವುದು. ಸಾಯದೆ ಉಳಿದ ಗೆಡ್ಡೆಯಲ್ಲೂ ಅದು ಇಲ್ಲವೆಂದು ಹೇಗೆ ಹೇಳುವುದು? ಅದರ ಜೊತೆಗೆ ಕೊಳೆರೋಗಕ್ಕೆಂದು ಬುಡಕ್ಕೆ ಸುರಿದ ಔಷಧಿ ಬೇರೆ. ಎಂದೂ ಔಷಧಿ ಹೊಡೆಯದ ಹಿತ್ತಲು, ಹಳೆಯ ತೆಂಗಿನ ತೋಟದ ಅಂಚು, ಅಂಥ ಕಡೆ ಹುಡುಕಿ.

ಗುರುತು ಹೇಳುತ್ತೇನೆ. ಹೂ ಬಿಟ್ಟ ಕಡ್ಡಿಯನ್ನು ಎರಡು ಬೆರಳ ನಡುವೆ ಹೊರಳಿಸಿ, ಉರುಟಾಗಿ ತಿರುಗದೆ ಮೂರು ಮೂಲೆ ಬೆರಳಿಗೆ ತಾಗಬೇಕು. ತುದಿಯ ಹೂ ಕೆಂಪು ಮಿಶ್ರಿತ ಕಂದು. ಗುದ್ದಲಿಯಿಂದ ಎಳೆಯದೆ ಕೈಯಿಂದ ಮಣ್ಣು ಬಿಡಿಸಿದರೆ ತೆಳುವಾದ ದಾರಕ್ಕೆ ಪೋಣಿಸಿದಂತೆ ಒಂದಾದ ಮೇಲೊಂದು ಗೆಡ್ಡೆ ಬರುತ್ತದೆ. ಹೊರಗೆ ಕಪ್ಪು, ಮೈಯೆಲ್ಲ ಕೂದಲು. ಉಗುರಿನಿಂದ ಗೀರಿದರೆ ಒಳಗೆ ಬಿಳುಪು, ಮೂಗಿಗೆ ಹಿಡಿದರೆ ಮಣ್ಣು, ಕರ್ಪೂರ, ಲಾವಂಚ ಮೂರೂ ಸೇರಿದಂಥ ವಾಸನೆ. ವಾಸನೆ ಬರದಿದ್ದರೆ ಅದು ಬೇರೆ ಜೊಂಡು, ಎಸೆದುಬಿಡಿ. ಚೆನ್ನಾಗಿ ತೊಳೆದು, ಒಂದು ದಿನ ಆರಿಸಿ, ಕೆಂಡದ ಮೇಲೆ ಹಳೆಯ ಬಾಣಲೆಯಲ್ಲಿ ಆಡಿಸಿದರೆ ಕೂದಲೆಲ್ಲ ಚಿಟಪಟನೆ ಸುಟ್ಟು ಉದುರುತ್ತದೆ. ಗೋಣಿಯಲ್ಲಿ ಹಾಕಿ ಉಜ್ಜಿ, ಹೆಚ್ಚಿ, ನೆರಳಲ್ಲಿ ಒಣಗಿಸಿ. ಮುರಿದರೆ ಟಕ್ಕನೆ ಮುರಿಯಬೇಕು. ಈ ಮಳೆಯಲ್ಲಿ ಆಗದ ಕೆಲಸ, ಬೇಸಿಗೆಗೆ ಇಟ್ಟುಕೊಳ್ಳಿ.

ಶುಂಠಿಯ ಮಾತಿಗೆ ಬಂದರೆ, ನಿಮ್ಮಲ್ಲಿ ಹೆಚ್ಚಾಗಿ ಹಾಕುವ ರಿಗೋಡಿ ತಳಿ ಹಸಿಶುಂಠಿಯ ಮಾರುಕಟ್ಟೆಗೆ ಹೇಳಿ ಮಾಡಿಸಿದ್ದು, ನೀರು ಹೆಚ್ಚು, ಒಣಗಿದರೆ ಸುಕ್ಕಿ ಹಗುರಾಗುತ್ತದೆ. ಒಣಶುಂಠಿಗೆ ಬಲಿತ, ನೀರು ಕಡಿಮೆಯ ತಳಿ ಬೇಕು. ಅದರಲ್ಲೂ ಸುಮಾರು ಐದು ಕಿಲೋ ಹಸಿಗೆ ಒಂದು ಕಿಲೋ ಒಣದ್ದು ಕೈಗೆ ಬರುತ್ತದೆ. ಅಂಗಡಿಯಿಂದ ತರುವವರಿಗೂ ಒಂದು ಮಾತು: ಬಿಳಿ ಪುಡಿ ಬಳಿದಂತೆ ಕಾಣುವ ಶುಂಠಿಗೆ ಸುಣ್ಣ ಹಾಕಿರುತ್ತಾರೆ. ತೊಳೆದು ಒಣಗಿಸದೆ ಬಳಸಬೇಡಿ.

ಪ್ರಶ್ನೆ: ಊಟವಾದ ಅರ್ಧ ಗಂಟೆಗೆ ಹೊಟ್ಟೆ ತಮಟೆಯಂತಾಗುತ್ತದೆ. ಎರಡು ವರ್ಷದಿಂದ ಬೆಳಿಗ್ಗೆ ಎದ್ದಕೂಡಲೇ ಗ್ಯಾಸ್ ಮಾತ್ರೆ ನುಂಗುತ್ತಿದ್ದೇನೆ. ಆಯುರ್ವೇದದಲ್ಲಿ ಏನಾದರೂ ಇದೆಯೇ? (ಅರಸೀಕೆರೆಯ ಓದುಗರು, 46 ವರ್ಷ)

ಉತ್ತರ: ಹಿಂಗ್ವಷ್ಟಕ ಚೂರ್ಣವಿದೆ. ಇಂಗು, ಶುಂಠಿ, ಕಾಳುಮೆಣಸು, ಹಿಪ್ಪಲಿ, ಓಮದ ಜಾತಿಯ ಅಜಮೋದ, ಸೈಂಧವ, ಜೀರಿಗೆ, ಕರಿಜೀರಿಗೆ, ಒಟ್ಟು ಎಂಟು. ಇದನ್ನು ಊಟವಾದ ಮೇಲೆ ನೀರಿನಲ್ಲಿ ಕಲಸಿ ಕುಡಿಯುವುದಲ್ಲ. ಬಿಸಿ ಅನ್ನದ ಮೊದಲ ತುತ್ತಿಗೆ ತುಪ್ಪ ಹಾಕಿ, ಅರ್ಧ ಚಮಚ ಚೂರ್ಣ ಬೆರೆಸಿ ಉಣ್ಣಬೇಕು. ಎದೆಯುರಿ, ಹುಳಿತೇಗು, ಹುಣ್ಣು ಇರುವವರಿಗೆ ಇದು ಬೇಡ. ರಕ್ತದೊತ್ತಡವಿದ್ದರೆ ಇದರಲ್ಲಿನ ಉಪ್ಪಿನ ಲೆಕ್ಕವನ್ನೂ ಇಟ್ಟುಕೊಳ್ಳಿ. ಆದರೆ ಚೂರ್ಣ ಕೊಳ್ಳುವ ಮೊದಲು ಎರಡು ವರ್ಷದ ಮಾತ್ರೆಯನ್ನು ಬರೆದವರ ಬಳಿ ಒಮ್ಮೆ ಹೋಗಿ. ನಲವತ್ತು ದಾಟಿದ ಮೇಲೆ ಇಷ್ಟು ಕಾಲದ ಹೊಟ್ಟೆ ತೊಂದರೆಯಿದ್ದರೆ, ತೂಕವೂ ಇಳಿಯುತ್ತಿದ್ದರೆ, ಎಂಡೋಸ್ಕೋಪಿ ಮಾಡಿಸಿ ನೋಡುವುದೇ ಸರಿ.

ಪ್ರಶ್ನೆ: ಕೊರೊನಾ ಸಮಯದಿಂದ ದಿನವೂ ಬೆಳಿಗ್ಗೆ ಅಮೃತಬಳ್ಳಿ ಕಷಾಯ ಕುಡಿಯುತ್ತಿದ್ದೇನೆ. ಜ್ವರ ಬರಬಾರದೆಂದು. ಮೊನ್ನೆ ರಕ್ತಪರೀಕ್ಷೆಯಲ್ಲಿ ಲಿವರಿನ ಅಂಶ ಏರಿದೆ ಎಂದರು. ಅಮೃತ ಎಂಬ ಹೆಸರಿದ್ದೂ ಹೀಗಾಗುತ್ತದೆಯೇ? (ಕೊಪ್ಪದ ಓದುಗರು)

ಉತ್ತರ: ಇವತ್ತೇ ನಿಲ್ಲಿಸಿ. ನಿಲ್ಲಿಸಿದ ಮೇಲೆ ಡಾಕ್ಟರು ಹೇಳಿದ ದಿನಕ್ಕೆ ಮತ್ತೆ ಪರೀಕ್ಷೆ ಮಾಡಿಸಿ, ಈ ಕಷಾಯದ ವಿಷಯ ಅವರಿಗೆ ಮುಚ್ಚಿಡಬೇಡಿ. 2021ರಲ್ಲಿ ಮುಂಬಯಿಯ ವೈದ್ಯರು ಅಮೃತಬಳ್ಳಿ ಸೇವಿಸಿದವರಲ್ಲಿ ಲಿವರಿನ ತೊಂದರೆ ಕಂಡದ್ದನ್ನು ವರದಿ ಮಾಡಿದರು. ಅದೇ ಜಾತಿಯ ಇನ್ನೊಂದು ಬಳ್ಳಿಯನ್ನು ಜನ ಅಮೃತಬಳ್ಳಿಯೆಂದು ತಪ್ಪು ತಿಳಿಯುತ್ತಾರೆ ಎಂದು ಆಯುಷ್ ಸಚಿವಾಲಯ ಎಚ್ಚರಿಸಿತು. ಆ ಇನ್ನೊಂದರ ಕಾಂಡದ ಮೈಯೆಲ್ಲ ನರುಲಿಯಂಥ ಗುಳ್ಳೆ. ನಿಮ್ಮ ಬಳ್ಳಿಯ ಒಂದು ಗೇಣು ತುಂಡನ್ನು ಎಲೆ ಸಮೇತ ನಿಮ್ಮೂರಿನ ಆಯುರ್ವೇದ ಕಾಲೇಜಿಗೆ ಒಯ್ದು ದ್ರವ್ಯಗುಣ ವಿಭಾಗದಲ್ಲಿ ತೋರಿಸಿ, ಬೆರಳಲ್ಲಿ ಸವರಿ ಹೇಳಿಬಿಡುತ್ತಾರೆ.

ಬಳ್ಳಿ ಸರಿಯಾದದ್ದೇ ಇರಲಿ, ಅದು ಜ್ವರ ಬಂದು ಹೋದವರಿಗೆ, ಹಳೆಯ ಜ್ವರಕ್ಕೆ, ವೈದ್ಯರು ಲೆಕ್ಕ ಹಾಕಿ ಇಷ್ಟು ದಿನ ಎಂದು ಕೊಡುವ ಔಷಧಿ. ಕಾಫಿಯಂತೆ ವರ್ಷಗಟ್ಟಲೆ ಕುಡಿಯುವ ಪಾನೀಯವೆಂದು ನಾನು ಕಲಿತ ಶಾಸ್ತ್ರದಲ್ಲಿಲ್ಲ. ಹೆಸರಿನಲ್ಲಿ ಅಮೃತವಿದೆಯೆಂದು ಪ್ರಮಾಣ ಮರೆಯುವುದನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಪ್ರಶ್ನೆ: ಹನ್ನೊಂದು ತಿಂಗಳ ಮಗುವಿಗೆ ನೀರಿನಂತೆ ಭೇದಿ. ಅಮ್ಮ ಬಜೆ ತೇಯ್ದು ನೆಕ್ಕಿಸು ಅಂತಾರೆ, ಷಡಂಗದ ನೀರು ಕೊಡಬಹುದೇ? (ಚನ್ನರಾಯಪಟ್ಟಣ)

ಉತ್ತರ: ನಿಮ್ಮದು ಪತ್ರಿಕೆ ಬರುವ ತನಕ ಕಾಯುವ ಪ್ರಶ್ನೆಯಲ್ಲವಾದ್ದರಿಂದ ಫೋನಿನಲ್ಲೇ ಉತ್ತರಿಸಿದ್ದೆ. ಇಂಥ ಮಗುವಿರುವ ಬೇರೆ ತಾಯಂದಿರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಎರಡೂ ಬೇಡ. ಓಆರ್‌ಎಸ್ ಪೊಟ್ಟಣವನ್ನು ಅದರ ಮೇಲೆ ಬರೆದಷ್ಟೇ ಕುದಿಸಿ ಆರಿಸಿದ ನೀರಿನಲ್ಲಿ ಪೂರ್ತಿ ಕರಗಿಸಿ, ಚಮಚದಲ್ಲಿ ಎರಡು ನಿಮಿಷಕ್ಕೊಮ್ಮೆ ಕೊಡುತ್ತಿರಿ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ಶುರು ಮಾಡಿ. ಎದೆಹಾಲು ನಿಲ್ಲಿಸಬೇಡಿ. ಸರ್ಕಾರಿ ಆಸ್ಪತ್ರೆಯಲ್ಲಿ, ಅಂಗನವಾಡಿಯಲ್ಲಿ ಕೇಳಿ ಜಿಂಕ್ ಮಾತ್ರೆ ತನ್ನಿ, ಭೇದಿ ನಿಂತರೂ 14 ದಿನ ಕೊಡಬೇಕು. ಅತ್ತಾಗ ಕಣ್ಣೀರು ಬರುತ್ತಿಲ್ಲ, ನೆತ್ತಿ ಕುಳಿಬಿದ್ದಿದೆ, ಮಗು ಹಾಲು ಹಿಡಿಯದೆ ಜೋಲುತ್ತಿದೆ ಎಂದರೆ ರಾತ್ರಿ ಎರಡು ಗಂಟೆಯಾದರೂ ಸರಿ, ಬೆಳಗಾಗಲಿ ಎಂದು ಕಾಯದೆ ಎತ್ತಿಕೊಂಡು ಹೊರಡಿ, ದಾರಿಯುದ್ದಕ್ಕೂ ಚಮಚ ನಿಲ್ಲಿಸಬೇಡಿ.